ಮುದ್ದೆಮಾಲು ನೋಡಲು ಬಂದ ನಮ್ಮ ಮಾವ

ನಮ್ಮ ಮಾವನಿಗೆ ಮನುಷ್ಯರ ಗುರುತೇ ಹತ್ತುವುದಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಅವರಿಗೆ ಗುರುತು ಹತ್ತುವುದು ಬಟ್ಟೆ. ಅದೂ ನಾವು ನೀವು ನೋಡುವ ಮುಂಭಾಗವಲ್ಲ, ಒಳಮೈ! ನನ್ನ ಮದುವೆಯ ದಿನ ನನ್ನ ಗಂಡ ಎದುರಾದಾಗ ಮಾವ ಮಾಡಿದ್ದೇನು ಗೊತ್ತೆ? ನಮಸ್ಕಾರವಿಲ್ಲ, ಕ್ಷೇಮ ಕೇಳಲಿಲ್ಲ. ಮದುಮಗನ ಪಂಚೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಮಗುಚಿ, ಉಗುರಿನಿಂದ ಒಮ್ಮೆ ಕೆರೆದು, "ಮಿಷಿನ್ದು" ಎಂದು ತೀರ್ಪು ಕೊಟ್ಟು ಊಟದ ಪಂಕ್ತಿಗೆ ಹೊರಟುಹೋದರು. ಅದಾಗಿ ಎಷ್ಟೋ ವರ್ಷವಾಯಿತು. ಈಗಲೂ ಮಾವ ಬರುತ್ತಾರೆಂದರೆ ನನ್ನ ಗಂಡ ಪ್ಯಾಂಟು ಹಾಕಿಕೊಂಡು ಕೂರುತ್ತಾರೆ.

ಮಾವ ಎಂದರೆ ನನ್ನ ತಾಯಿಯ ತಮ್ಮ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರು. ಅಲ್ಲಿ ಬೀದಿಗೆ ಬೀದಿಯೇ ನೇಯುವಾಗ ಇವರದೇನು ವಿಶೇಷ ಎನ್ನುತ್ತೀರಿ. ಇದೆ. ಬೇರೆಯವರು ಸೀರೆ ನೇಯುತ್ತಾರೆ, ನಮ್ಮ ಮಾವ ಸೀರೆಯನ್ನು ಓದುತ್ತಾರೆ. ಸಹಿ ಬಿಟ್ಟರೆ ಇನ್ನೊಂದು ಅಕ್ಷರ ಕೂಡಿಸಿ ಓದಲು ಬಾರದ ಮನುಷ್ಯ, ಸೀರೆಯ ಒಳಮೈ ಮೇಲೆ ಬೆರಳಾಡಿಸಿದರೆ ಸಾಕು, ನೇಯ್ದವನು ಎಡಚನೋ, ಹೊಸಬನೋ, ಆವತ್ತು ಮನೆಯಲ್ಲಿ ಜಗಳವಾಗಿತ್ತೋ, ಎಲ್ಲ ಹೇಳಿಬಿಡುತ್ತಾರೆ. "ಈ ಗೇಣಿನಾಗೆ ನೋಡು, ಹೆಂಡ್ತಿ ಮ್ಯಾಲಿನ ಸಿಟ್ಟೆಲ್ಲ ದಾರದ ಮ್ಯಾಲೆ ತೀರಿಸ್ಕೊಂಡವ್ನೆ" ಎನ್ನುವರು. ಯಾವ ಊರಿನ ಯಾವ ನೇಕಾರನೋ, ಅವನನ್ನು ಹುಡುಕಿಕೊಂಡು ಹೋಗಿ "ಏನಪ್ಪಾ, ಆವತ್ತು ಹೆಂಡತಿಯ ಮೇಲೆ ಸಿಟ್ಟಾಗಿದ್ದೆಯಾ?" ಎಂದು ಕೇಳುವವರು ಯಾರು? ಹಾಗಾಗಿ ಮಾವ ಹೇಳಿದ್ದು ಸುಳ್ಳೆಂದು ಇವತ್ತಿನವರೆಗೆ ಸಾಬೀತಾಗಿಲ್ಲ! "ಹೆಂಗೆ ಗೊತ್ತಾಯ್ತು ಮಾವ?" ಎಂದರೆ ಒಂದೇ ಉತ್ತರ: "ಗೊತ್ತಾಗ್ತೈತೆ, ಅಷ್ಟೇ."

ಗೊತ್ತಾಗುವುದೇನೋ ಸರಿ. ಗೊತ್ತು ಮಾಡಿಕೊಳ್ಳಲು ಮುಟ್ಟಬೇಕಲ್ಲ, ಕಷ್ಟ ಇರುವುದು ಅಲ್ಲಿ. ಒಮ್ಮೆ ಚಳ್ಳಕೆರೆಯ ಛತ್ರವೊಂದರಲ್ಲಿ ಗಂಡಿನ ತಾಯಿ ಮುಂದಿನ ಸಾಲಿನಲ್ಲಿ ಗತ್ತಿನಿಂದ ಕೂತಿದ್ದರು. ಮಾವ ಹಿಂದಿನ ಸಾಲಿನಿಂದ ಬಗ್ಗಿ ಆಕೆಯ ಸೆರಗಿನ ತುದಿ ಎತ್ತಿ ಬೆಳಕಿಗೆ ಹಿಡಿದರು. ಆಕೆ ಚೀರಿದರು. ನಾಲ್ಕು ಜನ ಗಂಡಸರು ತೋಳೇರಿಸಿಕೊಂಡು ಬಂದರು. ಮಾವ ಒಂದಿಷ್ಟೂ ಅಳುಕದೆ, "ಅಮ್ಮಾ, ನಮ್ಮೂರ ಹೆಸರು ಹೇಳಿ ನಿಮ್ಗೆ ಯಾವ್ದೋ ಊರಿನ ಸೀರೆ ಕಟ್ಟವ್ರೆ. ಮೋಸ ಆಗೈತೆ ನಿಮ್ಗೆ" ಎಂದರು. ಆ ಸೀರೆಯನ್ನು ಉಡುಗೊರೆ ಕೊಟ್ಟವರು ಹೆಣ್ಣಿನ ಕಡೆಯವರು! ಮದುವೆ ಮುರಿಯುವುದೊಂದು ಬಾಕಿ. ಆಗ ಮಾವನ ಹೆಂಡತಿ, ನಮ್ಮ ಅತ್ತೆ, ಓಡಿ ಬಂದು ಕೈ ಮುಗಿದು ಹೇಳಿದರು: "ತಪ್ಪು ತಿಳ್ಕೋಬ್ಯಾಡ್ರಮ್ಮ. ಇವ್ರಿಗೆ ಸೀರೆ ಕಾಣ್ತೈತೆ, ಉಟ್ಕಂಡೋರು ಕಾಣಲ್ಲ. ನನ್ನನ್ನೇ ಇಷ್ಟು ವರ್ಷ ಆದ್ರೂ ಕಂಡಿಲ್ಲ." ಛತ್ರವೆಲ್ಲ ನಕ್ಕಿತು. ಅತ್ತೆಯೂ ನಕ್ಕರು. ಮಾವ ಮಾತ್ರ ಇನ್ನೂ ಸೆರಗು ಬಿಟ್ಟಿರಲಿಲ್ಲ.

ಅತ್ತೆ ರಾಯದುರ್ಗದ ಕಡೆಯವರು, ಮಾತೃಭಾಷೆ ತೆಲುಗು. ನನ್ನ ತಾಯಿ ತೀರಿಕೊಂಡಾಗ ನನಗೆ ಆರು ವರ್ಷ. ಅಲ್ಲಿಂದ ಮದುವೆಯಾಗುವವರೆಗೂ ನನ್ನನ್ನು ಬೆಳೆಸಿದವರು ಅವರು. ಮೂರು ಲಾಳಿಯ ಸೀರೆ ಎಂದರೆ ಒಬ್ಬರಿಂದ ಆಗುವ ಕೆಲಸವಲ್ಲ. ಮಗ್ಗದ ಗುಳಿಯಲ್ಲಿ ಕಾಲಿಟ್ಟು ಕೂತು ನೇಯುವವರು ಒಬ್ಬರು, ಪಕ್ಕದ ಮಣೆಯ ಮೇಲೆ ಕೂತು ಅಂಚಿನ ಲಾಳಿ ಎಸೆಯುವವರು ಇನ್ನೊಬ್ಬರು. ಮಾವ ಗುಳಿಯಲ್ಲಿ, ಅತ್ತೆ ಮಣೆಯ ಮೇಲೆ, ನಾನು ಅತ್ತೆಯ ಬೆನ್ನಿಗೆ ಒರಗಿಕೊಂಡು ಶಾಲೆಯ ಪಾಠ ಓದುವುದು. ಅವರಿಬ್ಬರೂ ದಿನವಿಡೀ ಆಡುತ್ತಿದ್ದದ್ದು ಒಂದೇ ಒಂದು ಮಾತು. ಮಾವನಿಗೆ ಉಮೇದು ಬಂದು ಕೈ ಓಡತೊಡಗಿದರೆ ಅತ್ತೆ "ನಿದಾನಂಗಾ..." ಎನ್ನುವರು. ಮಾವ ನಿಧಾನಿಸುವರು. ನಾನು ಎಷ್ಟೋ ಗಂಡಹೆಂಡಿರ ವಿಚ್ಛೇದನದ ಅರ್ಜಿ ಟೈಪು ಮಾಡಿದ್ದೇನೆ. ಅಷ್ಟು ಕಡಿಮೆ ಮಾತಿನಲ್ಲಿ ಅಷ್ಟು ಒಳ್ಳೆಯ ಸಂಸಾರವನ್ನು ಇನ್ನೆಲ್ಲೂ ನೋಡಿಲ್ಲ.

ಹೌದು, ನಾನು ಟೈಪಿಸ್ಟು. ಚಳ್ಳಕೆರೆಯ ಕೋರ್ಟಿನ ಆವರಣದಲ್ಲಿ ಬೇವಿನ ಮರದ ಕೆಳಗೆ ಒಂದು ಮೇಜು, ಒಂದು ಕಂಪ್ಯೂಟರು, ಒಂದು ಪ್ರಿಂಟರು. ಕೋರ್ಟಿನ ನೌಕರಳಲ್ಲ, ವಕೀಲರಿಗೂ ಕಕ್ಷಿದಾರರಿಗೂ ಅರ್ಜಿ, ಪ್ರಮಾಣಪತ್ರ ಟೈಪು ಮಾಡಿಕೊಡುವವಳು. ಮೂರು ವರ್ಷದ ಹಿಂದೆ ಅತ್ತೆ ತೀರಿಕೊಂಡರು. ಮಾವ ಮೂರು ಲಾಳಿಯ ಸೀರೆ ನೇಯುವುದನ್ನು ಅಲ್ಲಿಗೇ ನಿಲ್ಲಿಸಿದರು. ಸಣ್ಣ ಅಂಚಿನ ಸೀರೆ ಒಬ್ಬರೇ ನೇಯುತ್ತಾರೆ, ಪಕ್ಕದ ಮಣೆಯ ಮೇಲೆ ಯಾರನ್ನೂ ಕೂರಲು ಬಿಡುವುದಿಲ್ಲ. ನಾನು ಹೋದಾಗ ಒಮ್ಮೆ ಮರೆತು ಕೂತೆ. "ಅಲ್ಲಿ ಬ್ಯಾಡವ್ವ" ಎಂದರು. ಎದ್ದೆ. ನನಗೂ ಅತ್ತೆ ಬೇಕಾಗಿದ್ದರು ಎನ್ನುವುದನ್ನು ಮಾವನಿಗೆ ಹೇಳುವುದು ಹೇಗೆಂದು ತಿಳಿಯದೆ ಅಡಿಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ತೊಳೆದೆ.

ಮನೆಯಲ್ಲಿ ಹೊತ್ತು ಹೋಗದೆ ಮಾವ ವಾರಕ್ಕೊಮ್ಮೆ ಬಸ್ಸು ಹತ್ತಿ ಚಳ್ಳಕೆರೆಗೆ ಬರತೊಡಗಿದರು. ಬಂದು ಮಾಡುವುದೇನು? ನನ್ನ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತು ಹೋಗಿಬರುವ ವಕೀಲರ ಕೋಟು ಓದುವುದು! "ಈ ಕೋಟು ಇವ್ರ ಅಪ್ಪಂದು. ಆ ಕೋಟು ಬಾಡಿಗೇದು. ಅಗೋ ಆ ಯಪ್ಪನ ಕೋಟು ಇದೇ ಮೊದ್ಲು ಹಾಕ್ಕೊಂಡಿರೋದು, ಕೇಸು ಸೋಲ್ತಾನೆ." ನನ್ನ ಗಿರಾಕಿಗಳಲ್ಲಿ ಅರ್ಧ ಜನ ಬೇರೆ ಮೇಜು ನೋಡಿಕೊಂಡರು.

ಇಂಥ ಮನುಷ್ಯನನ್ನು ಕೋರ್ಟಿನ ಮೆಟ್ಟಿಲು ಹತ್ತಿಸಿದ ಪಾಪ ನನ್ನದೇ. ಬಿ.ಜಿ. ಕೆರೆ ಆಚೆಯ ಊರಿನ ಒಬ್ಬ ನೇಕಾರ ಹೆಣ್ಣುಮಗಳು, ಈರಮ್ಮ ಅಂತಿಟ್ಟುಕೊಳ್ಳಿ, ಕಳ್ಳತನದ ಕೇಸಿನಲ್ಲಿ ಸಿಕ್ಕಿಕೊಂಡಿದ್ದಳು. ಪರ ಊರಿನ ಸೀರೆ ವ್ಯಾಪಾರಿಯೊಬ್ಬರ ದೂರು ಇಷ್ಟು: ನಮ್ಮ ಶೆಡ್ಡಿನಲ್ಲಿ ನಮ್ಮ ನೇಕಾರರು ನೇಯ್ದ ಮದುವೆ ಸೀರೆಯನ್ನು ಈಕೆ ನೇಯ್ಗೆಗೆ ರೇಷ್ಮೆ ನೂಲು ಒಯ್ಯಲು ಬಂದಾಗ ಕದ್ದಿದ್ದಾಳೆ. ಈರಮ್ಮ ಹೇಳುತ್ತಿದ್ದದ್ದು ಇಷ್ಟು: ಅದು ನಾನು, ನನ್ನ ಗಂಡ ನಮ್ಮ ಮನೆಯ ಮಗ್ಗದ ಮೇಲೆ ನಮಗೋಸ್ಕರ ನೇಯ್ದ ಸೀರೆ. ಗಂಡ ಈಗ ಇಲ್ಲ. ಕೈಯಲ್ಲಿ ಕಾಗದವಿಲ್ಲ, ರಸೀದಿಯಿಲ್ಲ. ಸೀರೆ ಪೊಲೀಸರ ವಶದಲ್ಲಿ. ಆಕೆ ನನ್ನ ಮೇಜಿನ ಮುಂದೆ ನಿಂತು ತನ್ನ ವಕೀಲರಿಗೆ ಹೇಳಿದ್ದನ್ನು ನಾನೇ ಕಿವಿಯಾರೆ ಕೇಳಿದೆ: "ಜೈಲಿಗೆ ಹಾಕಿದ್ರೆ ಹಾಕ್ಲಿ ಸಾರ್. ಆ ಸೀರೆ ಅವ್ರ ಪಾಲಾಗಬಾರ್ದು. ಅದ್ರಾಗೆ ನಮ್ಮೋರ ಕೈ ಐತೆ."

ವಕೀಲರು ತಲೆ ಕೆರೆದುಕೊಂಡರು. "ಯಾರ ಕೈ ನೇಯ್ದಿದ್ದು ಅಂತ ಹೇಳೋ ತಜ್ಞರು ಎಲ್ಲಿ ಸಿಗ್ತಾರೆ ಮೇಡಂ?" ಎಂದು ನನ್ನನ್ನು ಕೇಳಿದರು. ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. "ನಮ್ಮ ಮಾವ ಇದ್ದಾರೆ" ಎಂದುಬಿಟ್ಟೆ. ಅಂದ ಕೂಡಲೆ ನಾಲಿಗೆ ಕಚ್ಚಿಕೊಂಡೆ.

ಮಾವನಿಗೆ ಸಮನ್ಸು ಹೋಯಿತು. ಅದನ್ನು ಪಕ್ಕದ ಮನೆಯವರಿಂದ ಓದಿಸಿಕೊಂಡರಂತೆ: "ನ್ಯಾಯಾಲಯಕ್ಕೆ ಹಾಜರಾಗಿ ಮುದ್ದೆಮಾಲು ಪರಿಶೀಲಿಸಿ ಸಾಕ್ಷ್ಯ ನುಡಿಯತಕ್ಕದ್ದು." ಕೋರ್ಟು ಪೊಲೀಸರ ಬಾಯಲ್ಲಿ ಮುದ್ದೆಮಾಲು ಎಂದರೆ ವಶಪಡಿಸಿಕೊಂಡ ವಸ್ತು. ಅದು ನನಗೆ ಗೊತ್ತು, ನಿಮಗೂ ಈಗ ಗೊತ್ತಾಯಿತು. ರಾಗಿ ಮುದ್ದೆ ತಿಂದು ಬೆಳೆದ ಮಾವನಿಗೆ ಹೇಗೆ ಗೊತ್ತಾಗಬೇಕು? ಆವತ್ತು ಬೆಳಿಗ್ಗೆ ಏನೂ ತಿನ್ನದೆ ಬಂದಿಳಿದರು. "ಮಾವ, ತಿಂಡಿ ಮಾಡಿದ್ರಾ?" ಎಂದೆ. "ಇಲ್ಲವ್ವ. ಕೋರ್ಟಿನಾಗೆ ಮುದ್ದೆ ಐತಂತಲ್ಲ. ಹೊಟ್ಟೆ ತುಂಬಿಸ್ಕೊಂಡು ಬಂದ್ರೆ ಪರಿಶೀಲನೆ ಹೆಂಗಾಗ್ತೈತೆ?" ಎಂದರು. ನಾನು ನಗಲೂ ಆಗದೆ ಅಳಲೂ ಆಗದೆ ಕ್ಯಾಂಟೀನಿನಿಂದ ಇಡ್ಲಿ ತರಿಸಿದೆ.

ಇಡ್ಲಿ ತಿನ್ನುತ್ತಿರುವಾಗ ರಸ್ತೆಯಾಚೆಯ ಗ್ಯಾರೇಜಿನ ಬಾಷಾ ಸಾಬರು ಬಂದರು. ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವವರು. ಮಾವನಿಗೂ ಅವರಿಗೂ ಗಳಸ್ಯ ಕಂಠಸ್ಯ. "ಮಾಮು, ಪಾಟೀಸವಾಲು ಅಂದ್ರೆ ಆಟ ಅಲ್ಲ. ನಾನು ವಕೀಲ, ನೀವು ಸಾಕ್ಷಿ, ಪ್ರಾಕ್ಟೀಸ್ ಮಾಡೋಣ" ಎಂದು ನನ್ನ ಟವೆಲು ಹೆಗಲ ಮೇಲೆ ಹಾಕಿಕೊಂಡು ನಿಂತರು. "ಹೇಳಿ, ಇದು ಯಾರು ನೇಯ್ದಿದ್ದು ಅಂತ ಹೆಂಗೆ ಗೊತ್ತು?"

"ಗೊತ್ತಾಗ್ತೈತೆ, ಅಷ್ಟೇ."

"ಖತಂ! ಕೇಸು ಹೋಯ್ತು!" ಎಂದು ಸಾಬರು ಟವೆಲು ಕೊಡವಿದರು. ಆಮೇಲೆ ಪಕ್ಕದಲ್ಲಿ ಕೂತು ಮೆತ್ತಗೆ ಹೇಳಿದರು: "ಮಾಮು, ಸದ್ದು ಕೇಳಿ ನಾನೂ ಹೇಳ್ತೀನಿ, ಬೇರಿಂಗು ಹೋಗೈತೆ ಅಂತ. ಗಿರಾಕಿ ನಂಬೋದು ಯಾವಾಗ? ಬಿಚ್ಚಿ ಅವನ ಕೈಗೆ ಕೊಟ್ಟಾಗ. ನೀವೂ ಬಿಚ್ಚಿ ಕೈಗೆ ಕೊಡಬೇಕು."  ಮಾವನ ಅರ್ಧ ಇಡ್ಲಿ ತಟ್ಟೆಯಲ್ಲೇ ಉಳಿಯಿತು.

ಸಾಕ್ಷಿದಾರರು ಒಬ್ಬರ ಮಾತು ಇನ್ನೊಬ್ಬರು ಕೇಳಬಾರದೆಂದು ಹೊರಗೆ ಕೂರಿಸುತ್ತಾರೆ. ಮಾವ ವರಾಂಡದ ಬೆಂಚಿನ ಮೇಲೆ ಕೂತರು. ನಾನು ಒಳಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಹಿಂದಿನ ವಾಯಿದೆಯಲ್ಲಿ ವ್ಯಾಪಾರಿಯ ಪರ ಟೈ ಕಟ್ಟಿದ ತಜ್ಞರೊಬ್ಬರು ಬಂದು, ಪ್ರಮಾಣಪತ್ರಗಳ ಫೈಲು ತೆರೆದಿಟ್ಟು, "ಮೊದಲಿಂದ ಕೊನೆಯವರೆಗೆ ಅದೇ ಇಬ್ಬರು ನುರಿತ ನೇಕಾರರ ಕೆಲಸ. ಶೆಡ್ಡಿನದೇ. ನೂರಕ್ಕೆ ನೂರು" ಎಂದು ಹೇಳಿ ಹೋಗಿದ್ದರು. ನ್ಯಾಯಾಧೀಶರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಅದು ಸೀರೆಯಲ್ಲಿ ಎಲ್ಲಿ ಕಾಣುತ್ತದೆ?" ಎಂದು ಆವತ್ತು ಕೇಳಿದ್ದರು. "ನಾನು ಈ ವಿಷಯದಲ್ಲಿ ತಜ್ಞ, ಮೇಡಂ" ಎಂದು ಉತ್ತರ ಬಂದಿತ್ತು. ಇವರೂ ನಮ್ಮ ಮಾವನ ಹಾಗೇ, ಟೈ ಒಂದು ಹೆಚ್ಚು ಎಂದುಕೊಂಡೆ ನಾನು!

ಈಗ ಈರಮ್ಮನ ಸರದಿ. ಕಟಕಟೆಯಲ್ಲಿ ನಿಂತು ಆಕೆ ಹೇಳಿದ್ದು ನನ್ನ ಎದೆಗೆ ನಾಟಿತು. ಅರ್ಧಕ್ಕಿಂತ ಹೆಚ್ಚು ಸೀರೆ ಆಗಿತ್ತಂತೆ. ಗಂಡ ಗುಳಿಯಲ್ಲಿ, ಈಕೆ ಪಕ್ಕದ ಮಣೆಯ ಮೇಲೆ. ಒಂದು ದಿನ ಆತ ಎದೆ ಹಿಡಿದುಕೊಂಡು ಮಗ್ಗದ ಮೇಲೇ ಒರಗಿದ. ತಿಥಿ ಕಳೆಯುವವರೆಗೆ ಮಗ್ಗ ನಿಂತಿತ್ತು. ಆಮೇಲೆ ಈಕೆಯೇ ಗುಳಿಗಿಳಿದು, ಅಂಚಿನ ಲಾಳಿಯನ್ನೂ ತಾನೇ ಬಗ್ಗಿ ಎಸೆದು, ಉಳಿದದ್ದನ್ನು ಮುಗಿಸಿದಳು. "ಬಿಟ್ಟು ಏಳಾಕೆ ಮನ್ಸು ಬರ್ಲಿಲ್ಲ ಅಮ್ಮಾರೆ" ಎಂದಳು.

ಹೊರಗೆ ಬಂದೆ. ಮಾವ ನನ್ನ ಸೆರಗು ಹಿಡಿದು ಜಗ್ಗಿದರು. "ಏನಂದ್ಲು ಆ ಹೆಣ್ಮಗ್ಳು?"

"ಹೇಳೋ ಹಾಗಿಲ್ಲ ಮಾವ."

"ಒಂದು ಮಾತು ಹೇಳವ್ವ."

ನಾಲಿಗೆಯ ತುದಿಗೆ ಬಂದಿತ್ತು. ಅರ್ಧಕ್ಕಿಂತ ಮೇಲೆ ನೋಡಿ ಮಾವ, ಎಂದಿದ್ದರೆ ಸಾಕಿತ್ತು, ಈರಮ್ಮ ಉಳಿಯುತ್ತಿದ್ದಳು. ಆದರೆ ಹೇಳಿದ ಮೇಲೆ ಅದು ಮಾವನ ಸಾಕ್ಷಿ ಆಗುತ್ತಿರಲಿಲ್ಲ, ನನ್ನ ಸಾಕ್ಷಿ ಆಗುತ್ತಿತ್ತು. "ಸುಮ್ನೆ ಕೂತ್ಕೊಳ್ರಿ" ಎಂದು ಗದರಿ ಒಳಗೆ ಹೋದೆ. 

ಹೆಸರು ಕೂಗಿದರು. ಮಾವ ಕಟಕಟೆ ಹತ್ತಿ, ದೇವರ ಮೇಲೆ ಪ್ರಮಾಣ ಮಾಡಿ, ಪ್ರಮಾಣ ಮಾಡಿಸಿದ ಗುಮಾಸ್ತರ ಅಂಗಿಯ ತೋಳನ್ನು ಸಹ ಒಮ್ಮೆ ನೋಡಿಕೊಂಡರು.

"ಎಷ್ಟು ಓದಿದ್ದೀರಿ?" ಎಂದು ನ್ಯಾಯಾಧೀಶರು ಕೇಳಿದರು.

"ಮೂರನೇ ಕ್ಲಾಸು ತಾಯಿ. ಆಮ್ಯಾಲೆ ನಮ್ಮಪ್ಪ ಗುಳಿಗೆ ಇಳಿಸ್ಬಿಟ್ರು."

"ಗುಂಡಿಗೆ ಇಳಿಸಿದರೆ?" ಎಂದು ಅವರು ಗಾಬರಿಯಾದರು. ಮಗ್ಗದ ಗುಳಿ ಎಂದು ವಕೀಲರು ವಿವರಿಸುವಷ್ಟರಲ್ಲಿ ಎದುರು ವಕೀಲರು ಎದ್ದರು. "ಮೂರನೇ ತರಗತಿಯವರು ತಜ್ಞರೇ, ಮೇಡಂ? ನನ್ನ ಆಕ್ಷೇಪಣೆ ಇದೆ."

ನ್ಯಾಯಾಧೀಶರು ಹೇಳಿದರು: "ಕೆಲಸ ಮಾಡಿ ಕಲಿತವರೂ ತಜ್ಞರಾಗಬಹುದು. ಹಾಗಂತ ಇವರು ಹೇಳಿದರೆಂದು ನಾನು ನಂಬಬೇಕಾಗಿಲ್ಲ. ಫೈಲು ತಂದವರು ಹೇಳಿದರೆಂದೂ ನಂಬಬೇಕಾಗಿಲ್ಲ. ಏನು ನೋಡಿ ಹೇಳುತ್ತಾರೋ ಅದು ನನಗೂ ಕಾಣಬೇಕು. ಮುದ್ದೆಮಾಲು ತನ್ನಿ."

ಅರಗಿನ ಮುದ್ರೆ ಒಡೆದು ಕಂದು ಕಾಗದದ ಪೊಟ್ಟಣ ಬಿಚ್ಚಿದರು. ಸೀರೆ ಹೊರಬಂತು. ಮಾವ ಅದನ್ನು ನೋಡಿದ್ದೇ ತಡ, ಕೋರ್ಟೆಂಬುದನ್ನೇ ಮರೆತರು. "ಯಾರ್ರೀ ಇದನ್ನ ಹಿಂಗೆ ಮಡ್ಚಿದ್ದು? ಒಂದೇ ಮಡಿಕೆನಾಗೆ ವರ್ಷಗಟ್ಲೆ ಇಟ್ಟವ್ರೆ! ಜರಿ ಮುರಿಯಲ್ವೇನ್ರೀ? ಮನ್ಯಾಗೆ ಹೆಂಗಸ್ರು ಇಲ್ವೇನ್ರೀ ನಿಮ್ಗೆ?" ಪೊಲೀಸಿನವರು ತಲೆ ತಗ್ಗಿಸಿದರು.

"ಸಾಕ್ಷಿದಾರರೇ, ಇಲ್ಲಿ ಪ್ರಶ್ನೆ ಕೇಳೋರು ನಾವು" ಎಂದರು ನ್ಯಾಯಾಧೀಶರು.

"ಕೇಳ್ರಿ ತಾಯಿ. ಆದ್ರೆ ಮೊದ್ಲು ಮಡಿಕೆ ಬದ್ಲಾಯಿಸ್ರಿ."

ಮಾವ ಸೀರೆ ಹರವಿ ಒಳಮೈ ಮೇಲೆ ಮಾಡಿದರು. ಕಣ್ಣು ಮುಚ್ಚಿದರು. ಬೆರಳು ಅಂಚಿನ ಗುಂಟ ಹರಿಯಿತು. ಒಂದು ಕಡೆ ನಿಂತಿತು. ಹಿಂದಕ್ಕೆ ಹೋಯಿತು, ಮತ್ತೆ ಅಲ್ಲಿಗೇ ಬಂದು ನಿಂತಿತು.  

"ಇಬ್ರು ನೇಯ್ದವ್ರೆ. ಇಲ್ಲೀತನ್ಕ ಇಬ್ರು" ಎಂದರು. "ಇಲ್ಲಿ ಕೈ ಬದ್ಲಾಗೈತೆ. ಇಲ್ಲಿಂದಾಚೆಗೆ ಒಬ್ರೇ. ಪಕ್ಕದಾಗೆ ಯಾರೂ ಇಲ್ಲ."

ಈರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

"ಹೇಗೆ ಗೊತ್ತು?" ಎಂದರು ನ್ಯಾಯಾಧೀಶರು.

ಎಲ್ಲ ಮುಗಿಯಿತು, ಈಗ "ಗೊತ್ತಾಗ್ತೈತೆ, ಅಷ್ಟೇ" ಬರುತ್ತದೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಬರಲಿಲ್ಲ! ಮಾವ ಕೆಮ್ಮಿದರು. "ಬಿಚ್ಚಿ ಕೈಗೆ ಕೊಡ್ತೀನಿ ತಾಯಿ. ಕಿಟಕಿ ಹತ್ರ ಬರ್ತೀರಾ?" ಎಂದರು. ನ್ಯಾಯಾಧೀಶರು ಒಂದು ಕ್ಷಣ ಯೋಚಿಸಿ, ಎರಡೂ ಕಡೆಯ ವಕೀಲರನ್ನು ಕರೆದುಕೊಂಡು, ಪೀಠದಿಂದ ಇಳಿದು ಕಿಟಕಿಯ ಬಳಿ ಬಂದರು.

ಮಾವ ಸೀರೆಯನ್ನು ಬೆಳಕಿಗೆ ಹಿಡಿದರು. ಅಡ್ಡಕ್ಕೆ ಕೂದಲೆಳೆಯಷ್ಟು ಸಣ್ಣ ಗೆರೆ. ದಿನಗಟ್ಟಲೆ ಮಗ್ಗ ನಿಂತರೆ ಮೂಡುವ ಗೆರೆಯಂತೆ ಅದು. "ಈಗ ಕಣ್ಣು ಮುಚ್ಚಿ, ಒಡಲು ಅಂಚು ಕೂಡೋ ಕಡೆ ಬೆರಳಾಡ್ಸಿ ತಾಯಿ. ಗೆರೆಯಿಂದ ಈಚೆಗೆ ಸಮ ಐತಾ? ಪಕ್ಕದಾಗೆ ಒಬ್ರು ಕೂತು ಎಳೆ ಹಿಡಿದವ್ರೆ, ಅದುಕ್ಕೆ. ಈಗ ಆಚೆಗೆ ಆಡ್ಸಿ." ನ್ಯಾಯಾಧೀಶರ ಬೆರಳು ಗೆರೆ ದಾಟಿತು. ಹುಬ್ಬು ಗಂಟಿಕ್ಕಿತು. "ಚುಚ್ಚುತ್ತದೆ" ಎಂದರು. "ಹೂಂ ತಾಯಿ. ಒಂದು ಎಳೆ ಬಿಗಿ, ಒಂದು ಸಡಿಲ. ಒಬ್ರೇ ಬಗ್ಗಿ ಬಗ್ಗಿ ಲಾಳಿ ಎಸ್ದವ್ರೆ. ಬಗ್ಗಿ ಎದ್ದ ಮ್ಯಾಲೆ ಎಳೆ ಬಡಿಯೋ ಏಟಿಗೆ ಬಲ ಬರಲ್ಲ. ಎಣಿಸಿ ನೋಡ್ರಿ, ಮೂರಕ್ಕೊಂದು ಎಳೆ ಹಂಗೇ ಐತೆ." ಅವರು ಎಣಿಸಿದರು. ವಕೀಲರೂ ಎಣಿಸಿದರು, ಒಬ್ಬರಿಗೊಬ್ಬರು ತಲೆ ತಾಗಿಸಿಕೊಂಡು.

ಎದುರು ವಕೀಲರು ಬಿಡುವ ಪೈಕಿಯಲ್ಲ. "ಮಗ್ಗ ನಿಂತದ್ದು ಸಾವಿನಿಂದ ಅಂತ ಈ ಗೆರೆ ಹೇಳುತ್ತದಾ? ನೇಕಾರ ನೆಂಟರ ಮನೆಗೆ ಹೋಗಿದ್ದಿರಬಹುದಲ್ಲ?"

ಸಾವಿನ ಮಾತು ಮಾವನಿಗೆ ಗೊತ್ತೇ ಇರಲಿಲ್ಲ. ಒಮ್ಮೆ ತಲೆಯೆತ್ತಿ ಈರಮ್ಮನನ್ನು ನೋಡಿದರು. ಸೀರೆಯನ್ನಲ್ಲ, ಮುಖವನ್ನು. "ಹೇಳಲ್ಲ ಸ್ವಾಮಿ. ಮಗ್ಗ ನಿಂತಿತ್ತು ಅಂತ ಹೇಳ್ತೈತೆ, ಯಾಕೆ ನಿಂತಿತ್ತು ಅಂತ ಗೆರೆ ಹೇಳಲ್ಲ. ಯಾರ್ದು ಅಂತ ಹೆಸ್ರೂ ಹೇಳಲ್ಲ. ಕೈ ಬದ್ಲಾಗೈತೆ ಅನ್ನೋದಷ್ಟೇ ನಂಗೆ ಗೊತ್ತಿರೋದು."

ಹೆಂಡತಿಯ ಮೇಲಿನ ಸಿಟ್ಟನ್ನೂ ಓದುತ್ತಿದ್ದ ಮನುಷ್ಯ ಇವರೇನಾ ಎಂದು ನನಗೇ ಅನುಮಾನ ಬಂತು.

ವಕೀಲರು ಕೊನೆಯ ಬಾಣ ಬಿಟ್ಟರು. "ಹೀಗೆ ಬೆರಳಾಡಿಸಿ ಹೇಳಿದ್ದು ಯಾವತ್ತಾದರೂ ತಪ್ಪಾಗಿದೆಯಾ?"

ಇಲ್ಲ ಅನ್ನಿ ಮಾವ, ಎಂದು ನಾನು ಮನಸ್ಸಿನಲ್ಲೇ ಕೂಗಿದೆ.

"ಆಗೈತೆ" ಎಂದರು ಮಾವ. "ಒಂದ್ಸಲ."

ವಕೀಲರ ಮುಖ ಅರಳಿತು. ಮಾವ ಸೀರೆಯ ಮೇಲಿಟ್ಟ ಕೈ ತೆಗೆಯದೆ ಹೇಳತೊಡಗಿದರು. "ನಮ್ಮೋಳು ಪಕ್ಕದಾಗೆ ಕೂತು ಲಾಳಿ ಎಸೀತಿದ್ಲು. ಕಡೇ ಸೀರೆನಾಗೆ ಅವ್ಳ ಕಡೆ ಅಂಚು ಸಡಿಲ ಬಂತು. ಬೆರಳಾಡ್ಸಿ ನೋಡ್ದೆ. ಸೋಮಾರಿತನ ಅಂದೆ. ಮನ್ಸು ಎಲ್ಲೋ ಇಟ್ಟು ಎಸೀತೀಯ ಅಂತ ಬೈದೆ. ಎರಡು ತಿಂಗ್ಳು ಬೈದೆ ತಾಯಿ. ಅವ್ಳು ಏನೂ ಅನ್ಲಿಲ್ಲ. ಆಸ್ಪತ್ರೇಗೆ ಹೋದ್ಮ್ಯಾಲೆ ಗೊತ್ತಾತು, ಕೈನಾಗೆ ಶಕ್ತೀನೇ ಇರ್ಲಿಲ್ಲ. ಕೈ ಸೋತಿತ್ತು. ಊರ್ನೋರ ಕೈಯೆಲ್ಲ ಓದ್ದೆ, ಅವ್ಳ ಕೈ ತಪ್ಪು ಓದ್ದೆ."

 ಈ ವಿಷಯ ನನಗೂ ಗೊತ್ತಿರಲಿಲ್ಲ. ಅತ್ತೆ ನನಗೂ ಹೇಳಿರಲಿಲ್ಲ. ಆ ಎರಡು ತಿಂಗಳಲ್ಲಿ ನಾನು ಎರಡು ಸಲ ಊರಿಗೆ ಹೋಗಿದ್ದೆ. ಅದೇ ಕೈಯಿಂದ ನನಗೆ ತಲೆ ಬಾಚಿದ್ದರು. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡು ಕೋರ್ಟಿನಲ್ಲೇ ಅತ್ತುಬಿಟ್ಟೆ. ನ್ಯಾಯಾಧೀಶರು ಬೆರಳಚ್ಚುಗಾರರ ಕಡೆ ತಿರುಗಿ ಮೆಲುದನಿಯಲ್ಲಿ ಏನೋ ಹೇಳಿ ಬರೆಸಿದರು. ಹೇಳಿಕೆ ಓದಿ ಹೇಳಿದಾಗ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಮಾವ ಇರಲಿಲ್ಲ. ತೋರಿಸಿದ ಕಡೆ ಸಹಿ ಹಾಕಿದರು.

ಎರಡು ತಿಂಗಳಿಗೆ ತೀರ್ಪು ಬಂತು. ಈರಮ್ಮ ನಿರಪರಾಧಿ, ಮುದ್ದೆಮಾಲು ಆಕೆಗೇ ಹಿಂತಿರುಗಿಸತಕ್ಕದ್ದು. ಟೈ ಕಟ್ಟಿಕೊಂಡವರು ನೂರಕ್ಕೆ ನೂರು ಎಂದರೇ ವಿನಾ ಕಾರಣ ತೋರಿಸಲಿಲ್ಲ ಎಂದೂ, ಈ ಸಾಕ್ಷಿಯು ತನಗೆ ತಿಳಿಯದ್ದನ್ನು ತಿಳಿಯದೆಂದು ಹೇಳಿದ್ದರಿಂದ, ತನ್ನ ತಪ್ಪನ್ನು ತಾನೇ ಮರೆಮಾಚದೆ ನುಡಿದಿದ್ದರಿಂದ, ಹೇಳಿದ್ದು ನ್ಯಾಯಾಲಯದ ಬೆರಳಿಗೂ ತಿಳಿದಿದ್ದರಿಂದ ತೂಕ ಕೊಡಲಾಗಿದೆ ಎಂದೂ ಬರೆದಿದ್ದರು. ಈರಮ್ಮ ಸೀರೆಯನ್ನು ಎದೆಗವಚಿಕೊಂಡು ಮಾವನ ಕಾಲಿಗೆ ಬೀಳಲು ಹೋದಳು. "ಕಾಲು ಬ್ಯಾಡ, ಮೊದ್ಲು ಮಡಿಕೆ ಬದ್ಲಾಯ್ಸು" ಎಂದರು ಮಾವ. ಬಾಷಾ ಸಾಬರು ಎಲ್ಲರಿಗೂ ಚಹಾ ತರಿಸಿ, ಮಾವನಿಗೆ ಹೇಳಿಕೊಟ್ಟವನು ತಾನೇ ಎಂದು ಬೇವಿನ ಮರಕ್ಕೂ ಕೇಳುವಂತೆ ಸಾರಿದರು.

ಮುಂದಿನ ವಾರ ಮಾವ ಬಂದರು. ಕೋಟು ಓದಲಿಲ್ಲ. "ಅವ್ವ, ನಾನು ಆವತ್ತು ಹೇಳಿದ್ದು ಕಾಗದದಾಗೆ ಬರ್ಕಂಡವ್ರಲ್ಲ, ಅದು ನಂಗೆ ಬೇಕು" ಎಂದರು.

"ಯಾಕೆ ಮಾವ?"

"ನಿಮ್ಮತ್ತೆಗೆ ನಾನು ಬಾಯಿಬಿಟ್ಟು ಹೇಳ್ಲಿಲ್ಲ, ತಪ್ಪಾತು ಅಂತ. ಆಸ್ಪತ್ರೆನಾಗೆ ಹೇಳ್ಬೇಕು ಅಂತಿದ್ದೆ, ಅಷ್ಟರಾಗೆ ಹೋದ್ಲು. ಕೋರ್ಟಿನಾಗೆ ಹೇಳೀನಿ. ಸರ್ಕಾರದ ಮುದ್ರೆ ಬಿದ್ದೈತೆ. ಮನ್ಯಾಗೆ ಇಟ್ಕಂತೀನಿ."

ನಕಲಿಗೆ ಅರ್ಜಿ ಹಾಕಿ ತೆಗೆಸಿಕೊಟ್ಟೆ. ಮಾವ ಸ್ಟೂಲಿನ ಮೇಲೆ ಕೂತು, ಕಾಗದವನ್ನು ನನ್ನ ಮೇಜಿನ ಮೇಲೆ ಹರವಿ, ಅದರ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, "ಓದು" ಎಂದರು. ಓದಿದೆ. ಗುಳಿ, ಗೆರೆ, ಬಿಗಿ, ಸಡಿಲ ಎಲ್ಲ ಇತ್ತು. ಕೊನೆಯ ಪುಟಕ್ಕೆ ಬಂದಾಗ ಅಲ್ಲಿದ್ದದ್ದು ಒಂದೇ ಸಾಲು: "ಈ ಹಿಂದೆ ಒಂದು ಸಂದರ್ಭದಲ್ಲಿ ತಪ್ಪು ಅಭಿಪ್ರಾಯಕ್ಕೆ ಬಂದಿದ್ದುದನ್ನು ಸಾಕ್ಷಿಯು ಒಪ್ಪಿಕೊಂಡಿರುತ್ತಾರೆ." ಕೆಳಗೆ ಮಾವನ ಸೊಟ್ಟ ಸಹಿ. ಅತ್ತೆಯ ಸುದ್ದಿಯೇ ಇಲ್ಲ. ಕೋರ್ಟಿನ ತಪ್ಪಲ್ಲ, ಕೇಸಿಗೆ ಬೇಕಾದಷ್ಟನ್ನೇ ಅವರು ಬರೆಯುತ್ತಾರೆ. ಇಷ್ಟು ವರ್ಷದಲ್ಲಿ ಇನ್ನೊಬ್ಬರ ಕಾಗದದಲ್ಲಿ ಒಂದು ಕೊಂಬು ಒಂದು ದೀರ್ಘ ಬದಲಿಸಿದವಳಲ್ಲ ನಾನು. ಆದರೆ ಮಾವ ಕಾಯುತ್ತಿದ್ದರು.

ಓದಿದೆ: "ಸಾಕ್ಷಿಯ ಪತ್ನಿಯು ಜೀವನಪರ್ಯಂತ ಮಗ್ಗದ ಪಕ್ಕದಲ್ಲಿ ಕುಳಿತು ಲಾಳಿ ಎಸೆದಿರುತ್ತಾರೆ. ಆಕೆಯ ಕೈ ಸೋತಿದ್ದನ್ನು ಸಾಕ್ಷಿಯು ಸೋಮಾರಿತನವೆಂದು ತಪ್ಪಾಗಿ ತಿಳಿದಿರುತ್ತಾರೆ. ಇದರಲ್ಲಿ ಆಕೆಯ ತಪ್ಪೇನೂ ಇರುವುದಿಲ್ಲ. ಆಕೆಯು ಸಾಕ್ಷಿಯ ಮೇಲೆ ಯಾವುದೇ ಸಿಟ್ಟು ಇಟ್ಟುಕೊಂಡಿರುವುದಿಲ್ಲ..." ಕೋರ್ಟಿನ ಭಾಷೆ ನನಗೆ ನೀರು ಕುಡಿದಷ್ಟು ಸಲೀಸು. ದನಿ ಮಾತ್ರ ಒಂದು ಕಡೆ ಸ್ವಲ್ಪ ಕೈಕೊಟ್ಟಿತು.

ಮಾವ ಕಣ್ಣು ತೆರೆಯಲಿಲ್ಲ. ಕಾಗದದ ಮೇಲಿದ್ದ ಬೆರಳು ಮೆಲ್ಲಗೆ ಕೆಳಗೆ ಸರಿದು ಕೊನೆಯ ಸಾಲು ಮುಗಿದು ಖಾಲಿ ಬಿದ್ದ ಜಾಗದಲ್ಲಿ ನಿಂತಿತು.

"ಇಲ್ಲೀತನ್ಕ ಕೋರ್ಟಿಂದು" ಎಂದರು. "ಇಲ್ಲಿಂದಾಚೆಗೆ ಕೈ ಬದ್ಲಾಗೈತೆ."

ನಾನು ಕಾಗದದಿಂದ ಕಣ್ಣೆತ್ತಿದೆ.

"ಇರ್ಲಿ. ನಿಲ್ಲಿಸ್ಬ್ಯಾಡವ್ವ, ಓದು" ಎಂದರು ಮಾವ.